ಬೇರೆಯವರ ಕಾರು

ಚಳಿಗಾಲದಲ್ಲಿ ನಮ್ಮಪ್ಪನ ಕಾರಿನೊಳಗೆ ಒಂದು ವಾಸನೆ ಇರುತ್ತಿತ್ತು. ಗೋಧಿಯ ಧೂಳು, ಒದ್ದೆ ಉಣ್ಣೆ, ಸ್ವಲ್ಪ ಪೆಟ್ರೋಲು, ಸೀಟಿನ ಕೆಳಗೆ ಎಲ್ಲೋ ಸೇರಿಕೊಂಡು ಒಣಗಿದ ಕಿತ್ತಳೆ ಸಿಪ್ಪೆ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಮಲಗಿದ್ದಾಗ, ಕಣ್ಣು ಮುಚ್ಚಿದ್ದರೂ, ಅಪ್ಪ ಮುಂದೆ ಕೂತಿದ್ದಾನೆ, ಮನೆಗೆ ಹೋಗುತ್ತಿದ್ದೇವೆ ಎಂದು ನನಗೆ ಆ ವಾಸನೆಯೇ ಹೇಳುತ್ತಿತ್ತು. ದೊಡ್ಡವಳಾದ ಮೇಲೆ ತಿಳಿಯಿತು, ಕೋಲ್ಬೆಕ್ಕಿನ ಎಲ್ಲರ ಕಾರಿಗೂ ಅದೇ ವಾಸನೆ ಎಂದು. ಅದಕ್ಕೇ ಇರಬೇಕು, ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಬೇರೆಯವರ ಕಾರು ಹತ್ತಿ ಕೂತಾಗ ನನ್ನ ಮೂಗು ಏನೂ ತಕರಾರು ಮಾಡಲಿಲ್ಲ.

ಕೋಲ್ಬೆಕ್ ಎನ್ನುವುದು ಒಬ್ಬ ರೈಲ್ವೆ ಅಧಿಕಾರಿಯ ಹೆಸರು. ಆತ ಇಲ್ಲಿ ರೈಲಿನಿಂದ ಇಳಿದೇ ಇರಲಿಲ್ಲವಂತೆ. ಹಳಿಯ ಪಕ್ಕ ಧಾನ್ಯ ತುಂಬಿಡುವ ಐದು ಮರದ ಗೋಪುರಗಳು, ಹಳಿಯನ್ನು ದಾಟುವ ಒಂದು ದೊಡ್ಡ ರಸ್ತೆ. ಆ ರಸ್ತೆ ಎರಡು ಕಡೆಯೂ ಗೋಧಿ ಹೊಲಕ್ಕೆ ಹೋಗಿ ನಿಲ್ಲುತ್ತದೆ. ನಮ್ಮ ಪ್ರಾಂತದಲ್ಲಿ ಐದು ಸಾವಿರ ಜನ ಇದ್ದರೆ ಊರನ್ನು ನಗರ ಎನ್ನುತ್ತಾರೆ. ನಾವು ಐದು ಸಾವಿರದ ಹನ್ನೆರಡು ಜನ ಇದ್ದೆವು. ಹಾಗಾಗಿ ಯಾರಾದರೂ ಊರು ಬಿಟ್ಟರೆ ಅದು ಅವರೊಬ್ಬರ ಸಂಗತಿಯಾಗಿ ಉಳಿಯುತ್ತಿರಲಿಲ್ಲ. ಎಂಬತ್ತಾರನೇ ಇಸವಿಯಲ್ಲಿ ಜನಗಣತಿ ಬಂದಾಗ ನಮ್ಮ ಮೇಯರ್ ಕಾಫಿ ಅಂಗಡಿಯಲ್ಲಿ ನಿಂತು, "ಜೂನ್ ಕಳೆಯೋ ತನಕ ಯಾರೂ ಸಾಯಬೇಡ್ರಪ್ಪಾ, ಯಾರೂ ಊರು ಬಿಡಬೇಡಿ" ಎಂದು ಕೈ ಮುಗಿದಿದ್ದ. ನಾನು ಕೂಡ ಕಾಲೇಜು ಮುಗಿಸಿ ಒಂದೇ ವರ್ಷ ಎಂದು ಇಲ್ಲಿಗೆ ವಾಪಸು ಬಂದವಳು. ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದೆ. ಮದುವೆಯಾಗಲಿಲ್ಲ. ಇಂಗಾ ಹಾಲ್ವರ್ಸನ್ ಎಂಬ ನನ್ನ ಹೆಸರು ಊರಿನಲ್ಲಿ ಬಹಳ ಮಂದಿಗೆ ನೆನಪಿರಲಿಲ್ಲ. ಎಲ್ಲರಿಗೂ ನಾನು ಮಿಸ್.

ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ದಿನ ನಮ್ಮಲ್ಲಿ ಯಾರೂ ಇಂಜಿನ್ ಆರಿಸುವುದಿಲ್ಲ. ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ಖಾತ್ರಿಯಿಲ್ಲ. ಅಂಗಡಿಗೆ ಹೋಗಲಿ, ಚರ್ಚಿಗೆ ಹೋಗಲಿ, ಕೀಲಿಯನ್ನು ಅಲ್ಲೇ ಬಿಟ್ಟು, ಕಾರು ಗುರುಗುಟ್ಟುತ್ತಿರಲು ಬಿಟ್ಟು ಒಳಗೆ ಹೋಗುತ್ತೇವೆ. ಕದ್ದವನು ಕದ್ದುಕೊಂಡು ಎಲ್ಲಿಗೆ ಹೋದಾನು? ಊರಿನಲ್ಲಿ ಕಾರು ಮಾರುವವನು ಒಬ್ಬನೇ. ಅವನಿಗೆ ಹಿಂದಿನ ವರ್ಷ ಒಂದೇ ಮಾದರಿಯ, ಒಂದೇ ಕಂದು ಬಣ್ಣದ ಹನ್ನೊಂದು ಕಾರುಗಳು ಅಗ್ಗಕ್ಕೆ ಸಿಕ್ಕಿದ್ದವು. ಅದರಲ್ಲಿ ಒಂದು ನನ್ನದು, ಇನ್ನೊಂದು ರಾಡ್ನಿ ಹ್ರಿಂಚುಕ್‌ನದು. ಮೇಲೆ ಹಿಮದ ಪುಡಿ ಕೂತರೆ ನಂಬರ್ ಕೂಡ ಕಾಣುವುದಿಲ್ಲ.

ರಾಡ್ನಿ ನನ್ನ ವಿದ್ಯಾರ್ಥಿ. ಅವನ ಹೆಂಡತಿ ಮಾರ್ಲಿಸ್ ಕೂಡ. ಅವನು ನಗರಸಭೆಯಲ್ಲಿ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದ. ಹಿಮ ಬಿದ್ದ ದಿನ ಬೆಳಗಾಗುವುದರೊಳಗೆ ಒಂಟಿಯಾಗಿದ್ದ ಏಳು ಮುದುಕಿಯರ ಮನೆಯ ಮುಂದೆ, ಯಾರೂ ಕೇಳದೆ, ದಾರಿ ಮಾಡಿಕೊಟ್ಟು ಹೋಗುತ್ತಿದ್ದ. ಅದರಲ್ಲಿ ನನ್ನ ಮನೆಯೂ ಒಂದು. ಹಣ ಕೊಡಲು ಹೋದರೆ ಬೇಸರ ಮಾಡಿಕೊಳ್ಳುತ್ತಿದ್ದ. "ಕಾಫಿ ಕೊಡಿ ಮಿಸ್, ದಾಲ್ಚಿನ್ನಿ ಬನ್ ಇದ್ರೆ ಒಂದು ಕೊಡಿ, ಸಾಕು" ಎನ್ನುತ್ತಿದ್ದ. ಊರಿಗೆಲ್ಲ ಅವನು ಬೇಕಾದವನು.

ಕಾಫಿ ಅಂಗಡಿಯಲ್ಲಿ ಅವನೊಂದು ಜೋಕು ಹೇಳುತ್ತಿದ್ದ. "ನಮ್ಮೂರಲ್ಲಿ ನಾಯಿ ಓಡಿಹೋದ್ರೂ ಮೂರು ದಿನ ಕಣ್ಣಿಗೆ ಕಾಣ್ತಾನೇ ಇರುತ್ತೆ. ಹೆಂಡ್ತಿ ಓಡಿಹೋದ್ರೆ ನಾಲ್ಕು ದಿನ. ಅವಳು ಚೀಲ ಬೇರೆ ಹೊರಬೇಕಲ್ಲ." ಇನ್ನೊಂದು ಸಲ, "ರಾತ್ರಿ ಮಲಗೋ ಮುಂಚೆ ನಮ್ಮ ಕಾರಿನ ಮೀಟರ್ ನೋಡ್ತೀನಿ. ಚರ್ಚಿಗೆ ಹೋಗಿ ಬಂದ್ರೆ ಮೂರು ಕಿಲೋಮೀಟರ್. ನಾಲ್ಕಾಗಿದ್ರೆ, ಯಾಕಮ್ಮಾ ನಾಲ್ಕು ಅಂತ ಮಾರ್ಲಿಸ್‌ನ ಕೇಳ್ತೀನಿ" ಎಂದಿದ್ದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಇವತ್ತಿಗೂ ಮರೆತಿಲ್ಲ.

ಮಾರ್ಲಿಸ್ ಚಿಕ್ಕವಳಿದ್ದಾಗ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದು ಭೂಪಟದ ಪುಸ್ತಕ ಕೇಳುತ್ತಿದ್ದಳು. ಸಮುದ್ರದ ನೀಲಿಯ ಮೇಲೆ ಬೆರಳು ಆಡಿಸುತ್ತಿದ್ದಳು. ಮದುವೆಯಾದ ಮೇಲೂ ಕೆಲವು ವರ್ಷ ಶನಿವಾರ ಗ್ರಂಥಾಲಯಕ್ಕೆ ಬರುತ್ತಿದ್ದಳು. ಆಮೇಲೆ ನಿಂತಿತು. ಕೇಳಿದ್ದಕ್ಕೆ, "ಪುಸ್ತಕ ರಾಡ್ನೀನೇ ತಂದ್ಕೊಡ್ತಾರೆ ಮಿಸ್" ಎಂದಳು. ಅವನು ತರುತ್ತಿದ್ದದ್ದು ನಿಜ. ಎಲ್ಲಾ ಅಡುಗೆ ಪುಸ್ತಕಗಳು.

ಆ ಗುರುವಾರ, ಫೆಬ್ರವರಿ ತಿಂಗಳು, ಯುಕ್ರೇನಿಯರ ಚರ್ಚಿನ ನೆಲಮಾಳಿಗೆಯಲ್ಲಿ ಪೆರೋಗಿ ಮಾಡುವ ಕೆಲಸ ಇತ್ತು. ಆಲೂಗೆಡ್ಡೆ ಹೂರಣ ತುಂಬಿ, ಅಂಚು ಒತ್ತಿ, ನೀರಿನಲ್ಲಿ ಬೇಯಿಸುವ ಕಡುಬು. ನಾನು ಆ ಚರ್ಚಿನವಳಲ್ಲ, ಆದರೆ ನಮ್ಮಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಕೈ ಖಾಲಿ ಇದ್ದವರು ಹೋಗುತ್ತಾರೆ. ಮೇಜಿನ ತಲೆಯ ಕಡೆ ರಾಡ್ನಿಯ ತಾಯಿ ಪರಾಸ್ಕ ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮಾತು ಕಡಿಮೆ. ಅವಳು ಒತ್ತಿದ ಅಂಚು ಕುದಿಯುವ ನೀರಿನಲ್ಲಿ ಎಂದೂ ಬಿಟ್ಟುಕೊಂಡದ್ದಿಲ್ಲ. ಅವಳ ಎದುರಿಗೆ ಮಾರ್ಲಿಸ್. ಮಾರ್ಲಿಸಳ ಮಗಳು ಟ್ರೇಸಿ, ನಾಲ್ಕು ವರ್ಷದ್ದು, ಮೇಜಿನ ಕೆಳಗೆ ಕೂತು ಹಿಟ್ಟಿನಲ್ಲಿ ಹಾವು ಮಾಡುತ್ತಿತ್ತು.

"ಮಿಸ್, ನಿಮ್ಮ ಪೆರೋಗಿ ನೋಡಿದ್ರೇ ಗೊತ್ತಾಗುತ್ತೆ ನೀವು ನಾರ್ವೆ ಕಡೆಯವರು ಅಂತ" ಎಂದಳು ನನ್ನ ಪಕ್ಕದ ವೆಲ್ಮಾ. "ಜಗಳಾಡಿ ಬಂದ ಬೆಕ್ಕಿನ ಕಿವಿ ಥರ ಇದೆ."

"ತಿನ್ನೋವಾಗ ಯಾರೂ ಕಿವಿ ಎಣಿಸಲ್ಲ ಬಿಡು" ಎಂದೆ.

ಹನ್ನೊಂದು ಗಂಟೆಗೆ ನನಗೆ ನೆನಪಾಯಿತು, ಇವರ ಕಾಫಿಗೆಂದು ಮಾಡಿಟ್ಟ ಬನ್ನುಗಳ ತಟ್ಟೆ ಮನೆಯಲ್ಲೇ ಉಳಿದಿತ್ತು. "ಹತ್ತು ನಿಮಿಷ, ತಂದುಬಿಡ್ತೀನಿ" ಎಂದು ಕೋಟು ಹಾಕಿಕೊಂಡು ಹೊರಗೆ ಹೋದೆ. ರೆಪ್ಪೆ ರೆಪ್ಪೆಗೆ ಅಂಟುವಂಥ ಚಳಿ. ಸಾಲಾಗಿ ನಿಂತ ಕಾರುಗಳಿಂದ ಬಿಳಿ ಹೊಗೆ ಏಳುತ್ತಿತ್ತು. ಕಂದು ಕಾರಿನ ಬಾಗಿಲು ತೆಗೆದು ಕೂತೆ, ಆರು ಬೀದಿ ದಾಟಿ ಮನೆಗೆ ಬಂದೆ.

ಇಳಿಯುವಾಗ ಕೈಚೀಲಕ್ಕೆಂದು ಪಕ್ಕದ ಸೀಟಿಗೆ ಕೈ ಹಾಕಿದೆ. ಅಲ್ಲಿ ನನ್ನ ಚೀಲ ಇರಲಿಲ್ಲ. ಒಂದು ಉದ್ದನೆಯ ಲಕೋಟೆ ಇತ್ತು, ಬಾಯಿ ಅಂಟಿಸಿರಲಿಲ್ಲ. ಯಾರದೆಂದು ತಿಳಿಯಲು ತೆಗೆದು ನೋಡಿದೆ. ಟ್ರೇಸಿಯ ಜನನ ಪತ್ರ, ಮಗುವಿಗೆ ಚುಚ್ಚುಮದ್ದು ಹಾಕಿಸಿದ ಕಾರ್ಡು, ಎರಡು ಬಸ್ ಟಿಕೆಟ್. ಒಂದು ಪೂರ್ತಿ, ಒಂದು ಅರ್ಧ. ಪಶ್ಚಿಮದ ಸಮುದ್ರದ ತೀರಕ್ಕೆ, ಮಾರ್ಲಿಸಳ ಅಕ್ಕ ಇರುವ ಊರಿಗೆ. ವಾಪಸು ಬರುವ ಟಿಕೆಟ್ ಇರಲಿಲ್ಲ. ಬಸ್ಸು ಅದೇ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ. ಅದೂ ನಮ್ಮೂರ ನಿಲ್ದಾಣದಿಂದಲ್ಲ, ಮೂವತ್ತು ಕಿಲೋಮೀಟರ್ ಆಚೆ ಹೆದ್ದಾರಿ ಕೂಡುವ ಕಡೆಯ ಪೆಟ್ರೋಲ್ ಬಂಕಿನಿಂದ. ನಮ್ಮೂರಲ್ಲಿ ಟಿಕೆಟ್ ಕೊಡುವವನು ರಾಡ್ನಿಯ ಚಿಕ್ಕಪ್ಪನ ಮಗ.

ಹಿಂದಿನ ಸೀಟಿನಲ್ಲಿ ಕಂಬಳಿ ಸರಿಸಿದೆ. ಒಂದೇ ಒಂದು ಸೂಟ್‌ಕೇಸ್, ದೊಡ್ಡದೂ ಅಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ವಾಪಸು ಹೋಗಿ ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿಬಿಡಬೇಕು, ಯಾರಿಗೂ ಗೊತ್ತಾಗದ ಹಾಗೆ, ಎಂದುಕೊಳ್ಳುವಷ್ಟರಲ್ಲಿ ಮನೆಯೊಳಗೆ ಫೋನು ಹೊಡೆದುಕೊಂಡಿತು.

"ಏನ್ ಮಿಸ್, ಈ ವಯಸ್ಸಲ್ಲಿ ಕಾರು ಕದಿಯೋಕೆ ಶುರು ಮಾಡಿದೀರಂತೆ?" ರಾಡ್ನಿ ನಗುತ್ತಿದ್ದ. "ವೆಲ್ಮಾ ಆಂಟಿ ಕಿಟಕೀಲಿ ನೋಡಿದ್ರಂತೆ, ನಗರಸಭೆ ಡಿಪೋಗೆ ಫೋನ್ ಮಾಡಿದ್ರು. ಅವರು ಗಾಡಿ ರೇಡಿಯೋದಲ್ಲಿ ನಂಗೆ ಹೇಳಿದ್ರು."

ವೆಲ್ಮಾ ಕೆಟ್ಟವಳಲ್ಲ. ಯಾರಿಗಾದರೂ ಏನಾದರೂ ಆದರೆ ಐದು ನಿಮಿಷದಲ್ಲಿ ನಾಲ್ಕು ಜನಕ್ಕೆ ಫೋನ್ ಮಾಡಿ ಸಹಾಯ ಒದಗಿಸುವುದು ನಮ್ಮೂರಿನ ಅಭ್ಯಾಸ.

"ಈಗಲೇ ವಾಪಸು ತಂದುಬಿಡ್ತೀನಪ್ಪಾ" ಎಂದೆ.

"ಅಯ್ಯೋ ಬೇಡ ಬೇಡ, ನಿಮ್ಮ ಬೀದಿ ತುದಿ ಅಂಗಡಿಯಿಂದಲೇ ಫೋನ್ ಮಾಡ್ತಿದೀನಿ. ನಾನೇ ಬರ್ತೀನಿ. ಬಿಸಿ ಕಾಫಿ ಇಟ್ಟಿರಿ."

ಹಿಮಗಾಡಿಯ ಸದ್ದು ಆಗಲೇ ಕೇಳುತ್ತಿತ್ತು. ನಾನು ಹೊರಗೆ ಓಡಿದೆ. ಅರವತ್ತೆರಡರ ಓಟ ಎಷ್ಟೋ ಅಷ್ಟು. ಸೂಟ್‌ಕೇಸ್ ಎಳೆದುಕೊಂಡೆ, ಲಕೋಟೆಯನ್ನು ಕೋಟಿನೊಳಗೆ ಸಿಕ್ಕಿಸಿಕೊಂಡೆ, ಕಂಬಳಿ ಮೊದಲಿದ್ದಂತೆ ಹರಡಿದೆ. ಮನೆಯೊಳಗೆ ಎಲ್ಲಿ ಇಡುವುದು? ಮಂಚದ ಕೆಳಗೆ ಹಳೆಯ ಉತ್ತರಪತ್ರಿಕೆಗಳ ಪೆಟ್ಟಿಗೆಗಳು. ಬಚ್ಚಲಿನ ತೊಟ್ಟಿಯೊಳಗೆ ಇಟ್ಟು ಪರದೆ ಎಳೆದೆ. ನೆಲದ ಮೇಲೆ ಬಿದ್ದ ಹಿಮವನ್ನು ಕಾಲುಚೀಲದಿಂದಲೇ ಒರೆಸಿದೆ. ಇಷ್ಟೆಲ್ಲ ಮಾಡುವಾಗ ಇದು ಸರಿಯೋ ತಪ್ಪೋ ಎಂದು ಯೋಚಿಸಲಿಲ್ಲ. ಕೈ ಮಾಡಿತು, ಅಷ್ಟೆ.

ಅವನು ಬಂದ. ಬಾಗಿಲಲ್ಲಿ ಬೂಟಿನ ಹಿಮ ಕೊಡವಿ, ಟೋಪಿ ತೆಗೆದು, ಅಡುಗೆಮನೆಯ ಮೇಜಿನ ಮುಂದೆ ತನ್ನ ಮಾಮೂಲು ಕುರ್ಚಿಯಲ್ಲಿ ಕೂತ. ಕಾಫಿ ಬಗ್ಗಿಸಿದೆ. ಅರ್ಧ ತಟ್ಟೆಗೆ ಹೋಯಿತು.

"ತಟ್ಟೆಗೆ ಬಗ್ಗಿಸ್ತಿದೀರಲ್ಲ ಮಿಸ್" ಎಂದ. ಎದ್ದು ಕಾಫಿ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡ. "ಕೂತ್ಕೊಳ್ಳಿ. ನಾನು ಬಗ್ಗಿಸ್ಕೋತೀನಿ. ಇಷ್ಟಕ್ಕೆಲ್ಲಾ ಗಾಬರಿಯಾಗ್ತಾರಾ?"

ಕೂತೆ. ಅವನ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ನನಗೆ ಕಷ್ಟವಾದದ್ದು ಅದರಿಂದಲೇ.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು" ಎಂದ ಬನ್ನು ಮುರಿಯುತ್ತ. "ಕಾರು ಇನ್ಮೇಲೆ ಡಿಪೋದಲ್ಲೇ ಇರ್ಲಿ ಅಂತ ಮಾಡಿದೀನಿ. ಮಾರ್ಲಿಸ್‌ಗೆ ಎಲ್ಲಿಗೆ ಬೇಕೋ ನಾನೇ ಬಿಡ್ತೀನಿ. ಈ ಚಳೀಲಿ ಅವಳಿಗ್ಯಾಕೆ ಕಷ್ಟ. ನಿನ್ನೆ ಮೀಟರ್ ನೋಡಿದ್ರೆ ಅರವತ್ತೆರಡು ಕಿಲೋಮೀಟರ್ ಜಾಸ್ತಿ ಇತ್ತು."

ಟಿಕೆಟ್ ತರಲು ಹೆದ್ದಾರಿಯವರೆಗೆ ಹೋಗಿ ಬಂದ ದೂರ ಅದು.

"ಕೇಳಿದೆಯಾ?" ಎಂದೆ.

"ಇನ್ನೂ ಇಲ್ಲ. ಅವಳೇ ಹೇಳ್ತಾಳಾ ನೋಡೋಣ ಅಂತ ಕಾಯ್ತಾ ಇದೀನಿ." ಲೋಟದ ಅಂಚಿನ ಮೇಲಿಂದ ನನ್ನನ್ನು ನೋಡಿದ. "ನಿಮ್ಮ ಹತ್ರ ಏನಾದ್ರೂ ಹೇಳಿದಾಳಾ ಮಿಸ್? ನೀವಂದ್ರೆ ಅವಳಿಗೆ ಇಷ್ಟ."

"ಇಲ್ಲಪ್ಪಾ" ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಅವಳು ನನಗೆ ಏನನ್ನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವನು ಎದ್ದು, "ಕೈಗೆಲ್ಲಾ ಸಕ್ಕರೆ ಅಂಟ್ತು" ಎಂದು ಬಚ್ಚಲಿಗೆ ಹೋದ.

ನಾನು ಮೇಜಿನ ಅಂಚು ಹಿಡಿದು ಕೂತೆ. ನೀರು ಬಿಟ್ಟ ಸದ್ದು. ನಿಲ್ಲಿಸಿದ ಸದ್ದು. ಆಮೇಲೆ ಏನೂ ಇಲ್ಲ. ಗೋಡೆಯ ಗಡಿಯಾರ ಹನ್ನೊಂದು ನಲವತ್ತು ತೋರಿಸುತ್ತಿತ್ತು. ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಒಬ್ಬಳೇ ಇದ್ದೆ, ಆದರೆ ಬಾಗಿಲು ಎಷ್ಟು ದೂರ ಇದೆ ಎಂದು ಅಳೆದು ನೋಡಿದ್ದು ಅವತ್ತೇ. ಮಾರ್ಲಿಸ್ ದಿನವೂ ಹೀಗೆ ಕೂರುತ್ತಾಳೆ ಎಂದು ಹೊಳೆಯಿತು. ಅವನು ಮೀಟರ್ ನೋಡಿ ಒಳಗೆ ಬರುವವರೆಗೆ, ಪ್ರತಿ ರಾತ್ರಿ.

"ಮಿಸ್" ಎಂದು ಅಲ್ಲಿಂದಲೇ ಕರೆದ. "ಈ ತೊಟ್ಟಿ ನಲ್ಲಿ ಸೋರ್ತಾ ಇದೆಯಲ್ಲಾ. ತೊಟ್ ತೊಟ್ ಅಂತ ಕೇಳಿಸ್ತಿದೆ."

"ಸೋರ್ಲಿ ಬಿಡು, ರಾಡ್ನಿ" ಎಂದೆ. ಮೂವತ್ತೆಂಟು ವರ್ಷ ತರಗತಿಯಲ್ಲಿ ಬಳಸಿದ ದನಿ ತಾನಾಗಿ ಬಂತು. "ಮುದುಕಿಯ ಬಚ್ಚಲಲ್ಲಿ ಒಳಗಿನ ಬಟ್ಟೆ ಒಣಹಾಕಿರ್ತಾಳೆ. ಪರದೆ ಮುಟ್ಟಬೇಡ. ಆಚೆ ಬಾ."

ಅವನು ಕೆಂಪಾಗಿ ಹೊರಗೆ ಬಂದ. "ಸಾರಿ ಮಿಸ್" ಎಂದ, ಹನ್ನೆರಡು ವರ್ಷದ ಹುಡುಗನ ಹಾಗೆ. "ಭಾನುವಾರ ಬಂದು ಸರಿ ಮಾಡಿಕೊಡ್ತೀನಿ."

ಹಿಮಗಾಡಿಯನ್ನು ಜೊತೆಗಿದ್ದ ಸಹಾಯಕನ ಕೈಯಲ್ಲಿ ಡಿಪೋಗೆ ಕಳಿಸಿ, ನನ್ನನ್ನು ಚರ್ಚಿನವರೆಗೆ ಅದೇ ಕಂದು ಕಾರಿನಲ್ಲಿ ಅವನೇ ಬಿಟ್ಟ. ಬನ್ನಿನ ತಟ್ಟೆ ನನ್ನ ತೊಡೆಯ ಮೇಲೆ, ಲಕೋಟೆ ಕೋಟಿನೊಳಗೆ, ಎದೆಗೆ ಚುಚ್ಚುತ್ತಿತ್ತು. ಇಳಿಯುವಾಗ ಅವನು ಬಗ್ಗಿ ಮೀಟರ್ ನೋಡಿದ. "ಎರಡು ಕಿಲೋಮೀಟರ್ ನಿಮ್ಮ ಲೆಕ್ಕಕ್ಕೆ ಬರ್ಕೋತೀನಿ" ಎಂದು ನಕ್ಕು, "ಒಂದೂವರೆಗೆ ಊಟಕ್ಕೆ ಬರ್ತೀನಿ ಅಂತ ಅಮ್ಮಂಗೆ ಹೇಳಿ. ಮಾರ್ಲಿಸ್, ಟ್ರೇಸಿ ಇಬ್ಬರನ್ನೂ ಆಗ ಮನೆಗೆ ಕರ್ಕೊಂಡು ಹೋಗ್ತೀನಿ" ಎಂದ. ಕಾರನ್ನು ಡಿಪೋ ಕಡೆಗೆ ತಿರುಗಿಸಿದ.

ನೆಲಮಾಳಿಗೆಗೆ ಇಳಿದಾಗ ಎಲ್ಲರೂ ನನಗಾಗಿಯೇ ಕಾಯುತ್ತಿದ್ದರು.

"ಬಂದ್ರು ನೋಡಿ ಕಳ್ಳಿ. ಬನ್ನು ತಾನೇ, ಯಾರ ಮನೇದು?"

"ಮಿಸ್, ನಮ್ಮನೆ ಟ್ರ್ಯಾಕ್ಟರೂ ಹೊರಗೇ ನಿಂತಿರುತ್ತೆ, ಬೇಕಾದ್ರೆ ಹೇಳಿ."

ನಾನು ಎಲ್ಲರ ಜೊತೆ ನಕ್ಕೆ. ಮಾರ್ಲಿಸ್ ನಗಲಿಲ್ಲ. ತಲೆ ಎತ್ತಲೂ ಇಲ್ಲ. ಅವಳ ಮುಂದಿನ ತಟ್ಟೆಯಲ್ಲಿ ಇದ್ದ ಕಡುಬುಗಳೆಲ್ಲ ಬಾಯಿ ಬಿಟ್ಟಿದ್ದವು, ಹೂರಣ ಹೊರಗೆ ಬಂದಿತ್ತು. ಮತ್ತೆ ಮತ್ತೆ ಅದೇ ಒಂದನ್ನು ಒತ್ತುತ್ತಿದ್ದಳು. ನಾನು ಆಚೆ ಹೋದಾಗಿನಿಂದ ಒಂದು ಗಂಟೆ ಆಗಿತ್ತು. ಆ ಒಂದು ಗಂಟೆ, ತನ್ನ ಬದುಕೆಲ್ಲಾ ಊರಿನ ಯಾವುದೋ ಬೀದಿಯಲ್ಲಿ ಬೇರೆಯವರ ಕೈಯಲ್ಲಿರುವಾಗ, ಅವಳು ಇಲ್ಲಿ ನಿಂತು ನಗೆಚಾಟಿಕೆ ಕೇಳುತ್ತಿದ್ದಳು.

"ರಾಡ್ನಿ ಕಾರು ತಗೊಂಡು ಹೋದ, ಒಂದೂವರೆಗೆ ಊಟಕ್ಕೆ ಬರ್ತಾನಂತೆ" ಎಂದೆ ಎಲ್ಲರಿಗೂ ಕೇಳುವಂತೆ. ಅವಳ ಬೆರಳು ನಿಂತವು. "ಕಾರಲ್ಲಿ ಬರೀ ಒಂದು ಕಂಬಳಿ ಇತ್ತು, ನೋಡು ಮಾರ್ಲಿಸ್. ಮತ್ತೇನೂ ಇರ್ಲಿಲ್ಲ."

ಅವಳು ನನ್ನನ್ನು ನೋಡಿದಳು. ಅಷ್ಟು ವರ್ಷ ತರಗತಿಯಲ್ಲಿ, ಉತ್ತರ ಗೊತ್ತಿದ್ದೂ ಕೈ ಎತ್ತಲು ಅಂಜುವ ಮಕ್ಕಳ ಕಣ್ಣನ್ನು ನಾನು ಓದಿ ಬಲ್ಲೆ.

"ಮನೇಲಿ ನನ್ನ ಹಳೇ ಚಿತ್ರದ ಪುಸ್ತಕಗಳನ್ನ ಕಟ್ಟಿಟ್ಟಿದೀನಿ, ಟ್ರೇಸಿಗೆ ಅಂತ" ಎಂದೆ. "ಭಾರ ಇದೆ, ನನಗೆ ಎತ್ತೋಕಾಗಲ್ಲ. ನೀನು ಬಂದ್ರೆ ಈಗಲೇ ಹೋಗಿ ತರಬಹುದಿತ್ತು."

ಮಾರ್ಲಿಸ್ ಅತ್ತೆಯ ಕಡೆ ತಿರುಗಿದಳು. ಆ ಮನೆಯಲ್ಲಿ ಹೊರಗೆ ಹೋಗಲು ಕೇಳಿಕೊಂಡೇ ಹೋಗಬೇಕು ಎನ್ನುವುದು ಅವಳ ಕತ್ತು ತಿರುಗಿದ ರೀತಿಯಲ್ಲೇ ಇತ್ತು.

ಪರಾಸ್ಕ ಲಟ್ಟಣಿಗೆ ನಿಲ್ಲಿಸಲಿಲ್ಲ. "ಹೋಗು" ಎಂದಳು. "ಇವತ್ತು ನಿನ್ನ ಕೈಗೆ ಹಿಟ್ಟು ಕೂಡ್ತಾ ಇಲ್ಲ."

"ಮಿಸ್, ಈ ಸಲ ನಂಬರ್ ನೋಡಿ ಹತ್ತಿ" ಎಂದಳು ವೆಲ್ಮಾ.

ಮಗುವಿಗೆ ಟೋಪಿ, ಕೈಗವಸು, ಬೂಟು ಹಾಕಿಸುವುದಕ್ಕೆ ಐದು ನಿಮಿಷ ಹಿಡಿಯಿತು. ಟ್ರೇಸಿ ಹಿಟ್ಟಿನ ಹಾವನ್ನು ಬಿಟ್ಟು ಬರಲು ಒಪ್ಪಲಿಲ್ಲ, ಅದನ್ನೂ ಜೇಬಿಗೆ ಹಾಕಿಕೊಂಡೆವು. ಮಾರ್ಲಿಸಳ ಕೈಗೆ ಗುಂಡಿ ಸಿಗುತ್ತಿರಲಿಲ್ಲ. ನಾನು ಹಾಕಿದೆ.

ಹೊರಗೆ ನನ್ನ ಕಾರು ನಿಂತಲ್ಲೇ ಗುರುಗುಟ್ಟುತ್ತಿತ್ತು. ಒಳಗೆ ಕೂತು ಬಾಗಿಲು ಹಾಕಿದ ಮೇಲೆ ಲಕೋಟೆಯನ್ನು ಅವಳ ಮಡಿಲಲ್ಲಿ ಇಟ್ಟೆ. ಅವಳು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಸೂಟ್‌ಕೇಸ್ ನನ್ನ ಬಚ್ಚಲಲ್ಲಿದೆ" ಎಂದೆ. "ಹನ್ನೆರಡು ಇಪ್ಪತ್ತು ಈಗ. ಅಲ್ಲಿಂದ ಕೂಡುರಸ್ತೆಗೆ ಅರ್ಧ ಗಂಟೆ. ಬೇಕು ಅಂದ್ರೆ ಹೋಗೋಣ. ಬೇಡ ಅಂದ್ರೆ ಪುಸ್ತಕ ತರೋಣ, ನಾನು ಏನೂ ನೋಡಿಲ್ಲ."

"ಅವರು ನಿಮ್ಮನ್ನ ಬಿಡಲ್ಲ ಮಿಸ್. ನಿಮ್ಮ ಮನೆ ದಾರಿ ಕೂಡ ತೆಗೆಯಲ್ಲ."

"ಸಲಿಕೆ ಇದೆ ನನ್ನ ಹತ್ರ" ಎಂದೆ.

ಅವಳು ಕಣ್ಣು ಮುಚ್ಚಿದಳು. "ಹೋಗೋಣ" ಎಂದಳು. ಅಷ್ಟು ಸಣ್ಣ ದನಿ, ಬಿಸಿಗಾಳಿಯ ಫ್ಯಾನಿನ ಸದ್ದಿನಲ್ಲಿ ಕೇಳಿದ್ದೇ ಹೆಚ್ಚು.

ಗೇರ್ ಹಾಕುವಷ್ಟರಲ್ಲಿ ನೆಲಮಾಳಿಗೆಯ ಬಾಗಿಲು ತೆರೆಯಿತು. ಪರಾಸ್ಕ. ಕೋಟು ಇಲ್ಲ, ತಲೆಗೆ ಬಟ್ಟೆ ಇಲ್ಲ, ಹಿಟ್ಟಾದ ಏಪ್ರನ್ನಿನಲ್ಲಿ, ಚಪ್ಪಲಿ ಕಾಲಿನಲ್ಲೇ ಹಿಮದ ಮೇಲೆ ನಡೆದು ಬಂದು ಕಾರಿನ ಮುಂದೆ ನಿಂತಳು. ಮಾರ್ಲಿಸ್ ಲಕೋಟೆಯನ್ನು ತೊಡೆಯ ಕೆಳಗೆ ತಳ್ಳಿದಳು. "ಗೊತ್ತಾಗೋಯ್ತು" ಎಂದಳು. ಅವಳ ಮುಖ ಸುಣ್ಣದ ಹಾಗೆ ಆಗಿತ್ತು. ನಾನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಎಪ್ಪತ್ತು ದಾಟಿದ ತಾಯಿಯನ್ನು ಸುತ್ತುಹಾಕಿ ಕಾರು ಓಡಿಸಿಕೊಂಡು ಹೋಗುವ ಶಕ್ತಿ ನನ್ನಲ್ಲಿರಲಿಲ್ಲ, ಹೋಗಿ ಎನ್ನುವ ಶಕ್ತಿ ಮಾರ್ಲಿಸಳಲ್ಲೂ ಇರಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಪರಾಸ್ಕ ಮಾರ್ಲಿಸಳ ಕಡೆಗೆ ಬಂದು ಗಾಜು ತಟ್ಟಿದಳು. ಮಾರ್ಲಿಸ್ ಗಾಜು ಇಳಿಸಿದಳು. ಚಳಿ ಒಳಗೆ ನುಗ್ಗಿತು.

ಮುದುಕಿ ಮೊದಲು ಹಿಂದಿನ ಸೀಟಿನ ಮಗುವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಟ್ರೇಸಿ ಜೇಬಿನಿಂದ ಹಿಟ್ಟಿನ ಹಾವು ತೆಗೆದು ತೋರಿಸಿತು. "ಚೆನ್ನಾಗಿದೆ ಕಣಮ್ಮಾ" ಎಂದಳು ಅಜ್ಜಿ. ಆಮೇಲೆ, ನನ್ನ ಕಡೆ, ಹವಾಮಾನದ ವಿಷಯ ಹೇಳುವವಳ ಹಾಗೆ, "ಇಂಗಾ, ರಾಡ್ನಿ ಒಂದೂವರೆಗೆ ಬರ್ತಾನಲ್ಲ. ಸೊಸೆ ನಿನ್ನ ಮನೇಲಿ ಪುಸ್ತಕ ನೋಡ್ತಾ ಇದಾಳೆ ಅಂತೀನಿ. ಅವನು ತಿನ್ನೋದು ನಿಧಾನ. ಎರಡನೇ ಸಲ ಬಡಿಸ್ತೀನಿ, ಮೂರನೇ ಸಲನೂ ಬಡಿಸ್ತೀನಿ. ಎರಡೂವರೆ ತನಕ ಏಳಲ್ಲ" ಎಂದಳು.

ಮಾರ್ಲಿಸ್ ಬಾಯಿ ತೆರೆದಳು. "ಅತ್ತೇ" ಎಂದಳು.

"ಅವನಪ್ಪನೂ ಹಾಗೇ ಇದ್ದ" ಎಂದಳು ಪರಾಸ್ಕ. "ಆಗ ಕುದುರೆಗಾಡಿ. ಹೆಜ್ಜೆ ಗುರುತು ನೋಡ್ತಿದ್ದ."

ಏಪ್ರನ್ನಿನ ಕೆಳಗೆ ಏನನ್ನೋ ಅಡಗಿಸಿಕೊಂಡು ತಂದಿದ್ದಳು. ಐಸ್‌ಕ್ರೀಮಿನ ಖಾಲಿ ಡಬ್ಬ, ಟವೆಲಿನಲ್ಲಿ ಸುತ್ತಿ ಗಂಟು ಹಾಕಿದ್ದು. ಸಂದಿಯಿಂದ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ಆವಿ ಬರುತ್ತಿತ್ತು. ಗಂಟಿನೊಳಗೆ ಎರಡು ಫೋರ್ಕು ಸಿಕ್ಕಿಸಿದ್ದಳು, ಒಂದು ದೊಡ್ಡದು, ಒಂದು ಮಕ್ಕಳದು. ಕಿಟಕಿಯೊಳಗೆ ಕೈ ಚಾಚಿ, ಬಿಸಿ ತಾಗದ ಹಾಗೆ ಟವೆಲನ್ನು ಸರಿಮಾಡಿ, ಅದನ್ನು ಸೊಸೆಯ ಕೈಗೆ ಕೊಟ್ಟಳು.